ಸ್ಟಾರ್ ಇಲ್ಲದ ರಿಪೋರ್ಟ್

ನಮ್ಮ ಧಾರವಾಡದ ಕಡೆ ಇಬ್ಬರು ಎದುರಾದರೆ ಮೊದಲ ಮಾತು ‘ಆರಾಮ?’ ಉತ್ತರವೂ ಅದೇ, ‘ಆರಾಮ್ರಿ.’ ಜ್ವರ ಇದ್ದವರೂ ಹಾಗೇ ಹೇಳುತ್ತಾರೆ, ಸಾಲದಲ್ಲಿ ಮುಳುಗಿದವರೂ ಹಾಗೇ ಹೇಳುತ್ತಾರೆ. ನನ್ನ ತಮ್ಮನಿಗೆ ಬೋನ್ ಮ್ಯಾರೋ (ಎಲುಬಿನೊಳಗೆ ರಕ್ತ ಹುಟ್ಟಿಸುವ ಮಜ್ಜೆ) ಟ್ರಾನ್ಸ್‌ಪ್ಲಾಂಟ್ ಆದ ಮೇಲೆ ಸುಮಾರು ಐದು ವರ್ಷ ನಾವೂ ಹಾಗೇ ಹೇಳಿಕೊಂಡು ಬಂದೆವು. ಸುಳ್ಳು ಹೇಳಲಿಲ್ಲ. ಅವನ ರಕ್ತ ನಿಜವಾಗಿಯೂ ಆರಾಮ ಇತ್ತು. ಕಿಡ್ನಿ ಆರಾಮ ಇರಲಿಲ್ಲ. ಅದು ನಮಗೆ ಗೊತ್ತಿರಲಿಲ್ಲ.

ಕಳೆದ ಒಂದು ವರ್ಷದಲ್ಲಿ ಮೂರು ಮನೆಯವರು ನನ್ನ ನಂಬರ್ ಹುಡುಕಿ ಫೋನ್ ಮಾಡಿದ್ದಾರೆ. ಗದಗಿನಿಂದ ಒಬ್ಬರು, ಹಾವೇರಿ ಕಡೆಯವರು ಇಬ್ಬರು. ಎಲ್ಲರ ಪ್ರಶ್ನೆಗಳೂ ಒಂದೇ. ಮ್ಯಾರೋ ಕೊಟ್ಟರೆ ಕೊಟ್ಟವರಿಗೆ ಏನಾದರೂ ಆಗುತ್ತದಾ, ಎಷ್ಟು ದಿನ ಬೆಂಗಳೂರಿನಲ್ಲಿ ಇರಬೇಕು, ಖರ್ಚು ಎಷ್ಟು, ರೋಗ ತಿರುಗಿ ಬಂದರೆ ಏನು ಮಾಡೋದು. ಕಿಡ್ನಿ ಬಗ್ಗೆ ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಮ್ಮನಿಗೆ 2016ರ ಕೊನೆಯಲ್ಲಿ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಆಗ ಅವನಿಗೆ 27 ವರ್ಷ. ಹುಬ್ಬಳ್ಳಿಯಲ್ಲಿ ಇಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಹಾಕಿ ಎರಡು ವರ್ಷ ಆಗಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿತ್ತು, ಮೆಟ್ಟಿಲು ಹತ್ತಿದರೆ ಉಸಿರು ಹತ್ತುತ್ತಿತ್ತು. ಕಿಮೋ ಆಯಿತು, ರಕ್ತದ ಕೌಂಟ್ ಸರಿಗೆ ಬಂತು. ಆದರೆ ಇವನಿಗಿರುವ ಬಗೆಯ ಕ್ಯಾನ್ಸರಿಗೆ ಕಿಮೋ ಒಂದೇ ಸಾಲದು, ಟ್ರಾನ್ಸ್‌ಪ್ಲಾಂಟ್ ಮಾಡಲೇಬೇಕು ಅಂದರು. ಅಕ್ಕ ತಮ್ಮ ಅಂದಮಾತ್ರಕ್ಕೆ ಮ್ಯಾಚ್ ಆಗಬೇಕು ಅಂತೇನಿಲ್ಲ. ಒಡಹುಟ್ಟಿದವರಲ್ಲಿ ಪೂರ್ತಿ ಮ್ಯಾಚ್ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮದು ಆಯಿತು. ರಿಪೋರ್ಟ್ ಬಂದ ದಿನ ಅವ್ವ ನುಗ್ಗಿಕೇರಿ ಹನುಮಪ್ಪನಿಗೆ ಕಾಯಿ ಒಡೆಸಿದಳು.

ಮ್ಯಾರೋ ಕೊಡುವುದು ಅಂದರೆ ಬೆನ್ನೆಲುಬು ಕೊರೆಯುತ್ತಾರೆ ಅಂತ ಇನ್ನೂ ಬಹಳ ಜನ ತಿಳಿದಿದ್ದಾರೆ. ನನಗೆ ಮಾಡಿದ್ದು ಇಷ್ಟೇ. ಐದು ದಿನ ಇಂಜೆಕ್ಷನ್ ಕೊಟ್ಟರು. ಆಮೇಲೆ ಒಂದು ಮಷಿನ್ ಪಕ್ಕ ನಾಲ್ಕೈದು ತಾಸು ಮಲಗಿಸಿದರು. ಒಂದು ಕೈಯಿಂದ ರಕ್ತ ಹೋಗಿ, ಬೇಕಾದ ಕಣಗಳು ಬೇರೆಯಾಗಿ, ಉಳಿದದ್ದು ಇನ್ನೊಂದು ಕೈಗೆ ವಾಪಸ್ ಬಂತು. ಮೈಕೈ ನೋವಿತ್ತು, ಎರಡು ದಿನಕ್ಕೆ ಹೋಯಿತು. ಚೀಲದಲ್ಲಿ ಸಿಕ್ಕಿದ್ದು ಟೊಮೆಟೊ ಸಾರಿನ ಬಣ್ಣದ ಒಂದಿಷ್ಟು ದ್ರವ. 2017ರ ಜೂನ್‌ನಲ್ಲಿ ಅದು ತಮ್ಮನ ಮೈಗೆ ಹೋಯಿತು. ಅವನ ರಕ್ತದ ಗುಂಪು ಬಿ ಪಾಸಿಟಿವ್ ಇತ್ತು. ಕೆಲವು ತಿಂಗಳ ನಂತರ ಅದು ಓ ಪಾಸಿಟಿವ್ ಆಯಿತು, ಅಂದರೆ ನನ್ನದು.

ಆ ಐಸೊಲೇಷನ್ ರೂಮಿನ ಬಗ್ಗೆ ಸ್ವಲ್ಪ ಹೇಳಬೇಕು. ಒಳಗೆ ಒಬ್ಬರಿಗೆ ಮಾತ್ರ ಅವಕಾಶ. ಅವ್ವ ಇದ್ದಳು. ಅವಳಿಗೆ ಆಗ 58. ಓದಿದ್ದು ನಾಲ್ಕನೇ ಇಯತ್ತೆ. ಅವಳಿಗೆ ಕೊಟ್ಟ ಮುಖ್ಯ ಕೆಲಸ ಏನು ಗೊತ್ತಾ? ಮಗನ ಮೂತ್ರ ಅಳೆಯುವುದು. ಪ್ರತಿ ಸಲ ಅವನು ಪ್ಲಾಸ್ಟಿಕ್ ಜಗ್ಗಿನಲ್ಲಿ ಮಾಡಬೇಕು. ಅವ್ವ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡಬೇಕು, ಹೊತ್ತು ಮತ್ತು ಅಳತೆ ಬರೆಯಬೇಕು. ಕುಡಿದ ನೀರು, ಗಂಜಿ, ಏರಿಸಿದ ಸಲೈನ್ ಇನ್ನೊಂದು ಕಾಲಂನಲ್ಲಿ. ಅವಳಿಗೆ ಬರುವುದು ಕನ್ನಡ ಅಂಕಿ ಮಾತ್ರ. ೩೫೦, ೨೨೦, ೪೧೦ ಅಂತ ದುಂಡಗೆ ಬರೆದಿಡುತ್ತಿದ್ದಳು. ನರ್ಸ್ ಕೇರಳದ ಹುಡುಗಿ. ಮೊದಲ ದಿನ ಚಾರ್ಟ್ ನೋಡಿ ಗಾಬರಿಯಾದಳಂತೆ. ಅವ್ವ ಬೆರಳು ಮಡಚಿ ಮಡಚಿ ಒಂದರಿಂದ ಹತ್ತು ಕಲಿಸಿದಳು. ೬ ಮತ್ತು ೯ ಮಾತ್ರ ಕೊನೆಯವರೆಗೂ ಆ ಹುಡುಗಿಗೆ ಕಾಡಿದವು. ‘ಅಮ್ಮಾ, ಇದು ಆರಾ, ಒಂಬತ್ತಾ?’ ಅಂತ ರಾತ್ರಿ ಎಬ್ಬಿಸಿ ಕೇಳುತ್ತಿದ್ದಳು.

ಉಚ್ಚೆ ಅಳೆದು ಏನು ಮಾಡುತ್ತಾರೆ ಅಂತ ಅವ್ವನಿಗೆ ಅನ್ನಿಸುತ್ತಿತ್ತು. ನನಗೂ ಅನ್ನಿಸುತ್ತಿತ್ತು. ಗಾಜಿನ ಆಚೆ ನಿಂತು ನಾನು ಕೇಳುತ್ತಿದ್ದುದು ಬಿಳಿ ಕಣ ಎಷ್ಟು, ಪ್ಲೇಟ್ಲೆಟ್ ಎಷ್ಟು ಅಂತ ಮಾತ್ರ. ಅದೇ ಹೊತ್ತಿನಲ್ಲಿ ಆ ಜಗ್ ಇನ್ನೊಂದು ಲೆಕ್ಕ ಹೇಳುತ್ತಿತ್ತು.

ಹದಿನೆಂಟನೇ ದಿನ ಜ್ವರ ಬಂತು. ಬಿಳಿ ಕಣ ಇನ್ನೂ ಸರಿಯಾಗಿ ಏರಿರಲಿಲ್ಲ. ಸ್ಕ್ಯಾನ್‌ನಲ್ಲಿ ಶ್ವಾಸಕೋಶದಲ್ಲಿ ಕಲೆ ಕಂಡಿತು. ಫಂಗಸ್ ಇರಬೇಕು ಅಂದು ಆಂಫೋಟೆರಿಸಿನ್ ಶುರು ಮಾಡಿದರು. ಜೀವ ಉಳಿಸುವ ಔಷಧಿ ಅದು, ಆದರೆ ಕಿಡ್ನಿಗೆ ಬಹಳ ಒರಟು. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಗೆ ಹಾಕುವ ಒಂದು ಕಸ, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ. ಅದು 0.7 ಇದ್ದದ್ದು ವಾರದೊಳಗೆ 2.1 ಆಯಿತು. ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲಾ ಮೂತ್ರದಲ್ಲಿ ಹರಿದು ಹೋಗುತ್ತಿದ್ದವು. ಅವನ್ನು ಮತ್ತೆ ಡ್ರಿಪ್‌ನಲ್ಲಿ ಏರಿಸುತ್ತಿದ್ದರು. ಆಗ ಮೊದಲ ಸಲ ಕಿಡ್ನಿ ಡಾಕ್ಟ್ರು ಬಂದು ನೋಡಿದರು. ಡಯಾಲಿಸಿಸ್ ಬೇಕಾಗಲಿಲ್ಲ. ಔಷಧಿ ಬದಲಿಸಿದರು, ಸಲೈನ್ ಜಾಸ್ತಿ ಮಾಡಿದರು, ನಿಧಾನಕ್ಕೆ ಇಳಿಯಿತು. ಆರು ವಾರದ ಮೇಲೆ 1.0. ‘ಕಿಡ್ನಿ ಸರಿ ಹೋತು’ ಅಂತ ನಾವು ಆ ಅಧ್ಯಾಯವನ್ನು ಅಲ್ಲಿಗೇ ಮುಚ್ಚಿಬಿಟ್ಟೆವು. 0.7ಕ್ಕೂ 1.0ಕ್ಕೂ ನಡುವೆ ಏನೋ ಕಳೆದು ಹೋಗಿದೆ ಅಂತ ಹೊಳೆಯಲೇ ಇಲ್ಲ. ಗಣಿತ ಕಲಿಸುವ ನನಗೂ ಹೊಳೆಯಲಿಲ್ಲ.

ಟ್ರಾನ್ಸ್‌ಪ್ಲಾಂಟ್‌ನಲ್ಲಿ ಕಿಡ್ನಿ ಯಾಕೆ ಇಷ್ಟು ಪೆಟ್ಟು ತಿನ್ನುತ್ತದೆ ಅಂತ ನನಗೆ ಅರ್ಥವಾಗಿದ್ದು ಎಷ್ಟೋ ಆಮೇಲೆ. ಒಂದೇ ಕಾರಣ ಅಲ್ಲ, ಒಂದರ ಮೇಲೊಂದು ಬರುತ್ತವೆ. ಮೊದಲು ಹಳೇ ಮ್ಯಾರೋ ಖಾಲಿ ಮಾಡಲು ಕೊಡುವ ಭಾರಿ ಕಿಮೋ, ಕೆಲವರಿಗೆ ಇಡೀ ಮೈಗೆ ರೇಡಿಯೇಷನ್. ಆಮೇಲೆ ಸೋಂಕು, ಅದಕ್ಕೆ ಕೊಡುವ ಆಂಟಿಬಯಾಟಿಕ್‌ಗಳು. ಅಮಿಕಾಸಿನ್, ವ್ಯಾಂಕೊಮೈಸಿನ್ ಅಂಥವು ಕಿಡ್ನಿಗೆ ಭಾರ. ವಾಂತಿ, ಭೇದಿಯಿಂದ ನೀರಿನಂಶ ಕಡಿಮೆ ಆಗುವುದು ಒಂದು. ಕೆಲವರಿಗೆ ಸಣ್ಣ ರಕ್ತನಾಳಗಳ ಒಳಮೈ ಕೆಟ್ಟು, ಪ್ಲೇಟ್ಲೆಟ್ ಇಳಿದು, ಬಿಪಿ ಏರಿ, ಕಿಡ್ನಿ ಕುಗ್ಗುತ್ತದೆ. ಪಕ್ಕದ ರೂಮಿನ ಹುಡುಗನಿಗೆ ಬಿಕೆ ಅನ್ನುವ ವೈರಸ್ ತಲೆ ಎತ್ತಿ ಮೂತ್ರದಲ್ಲಿ ರಕ್ತದ ಗಡ್ಡೆ ಗಡ್ಡೆಯೇ ಬರುತ್ತಿತ್ತು. ಆ ವೈರಸ್ ಚಿಕ್ಕಂದಿನಿಂದಲೂ ನಮ್ಮಲ್ಲಿ ಬಹಳ ಜನರ ಮೈಯಲ್ಲಿ ಸುಮ್ನೆ ಮಲಗಿರುತ್ತದಂತೆ. ಕಾಯುವವರು ಇಲ್ಲದಾಗ ಏಳುತ್ತದೆ. ಆ ಹುಡುಗ ರಾತ್ರಿ ನರಳುತ್ತಿದ್ದ ದನಿ ಅವ್ವನಿಗೆ ಇವತ್ತಿಗೂ ನೆನಪಿದೆ.

ಇವೆಲ್ಲದರ ಜೊತೆಗೆ ದಿನಾ ನುಂಗುವ ಸೈಕ್ಲೊಸ್ಪೊರಿನ್. ನಾನು ಕೊಟ್ಟ ಕಣಗಳು ತಮ್ಮನ ಮೈಯನ್ನೇ ಪರಕೀಯ ಅಂದುಕೊಂಡು ದಾಳಿ ಮಾಡಬಾರದಲ್ವಾ, ಅದಕ್ಕೆ ಅವನ್ನು ಹದ್ದುಬಸ್ತಿನಲ್ಲಿ ಇಡುವ ಔಷಧಿ ಅದು. ಬೆಳಿಗ್ಗೆ 9ಕ್ಕೆ, ರಾತ್ರಿ 9ಕ್ಕೆ. ಬೆಳ್ಳಿ ಕಾಗದ ಹರಿದ ತಕ್ಷಣ ಒಂಥರಾ ಗಬ್ಬು ವಾಸನೆ ರೂಮು ತುಂಬುತ್ತಿತ್ತು. ಈ ಔಷಧಿ ಹುಟ್ಟಿದ್ದು ನಾರ್ವೆ ದೇಶದ ಮಣ್ಣಿನಲ್ಲಿ ಸಿಕ್ಕ ಒಂದು ಬೂಷ್ಟಿನಿಂದ. ಈಗ ಹೆಚ್ಚು ಬಳಸುವ ಟ್ಯಾಕ್ರೊಲಿಮಸ್ ಸಿಕ್ಕಿದ್ದೂ ಮಣ್ಣಿನಲ್ಲೇ, ಜಪಾನಿನ ತ್ಸುಕುಬಾದಲ್ಲಿ, 1984ರಲ್ಲಿ. ಒಂದು ಬೂಷ್ಟು ತಮ್ಮನ ಶ್ವಾಸಕೋಶ ಹಿಡಿದಿತ್ತು, ಇನ್ನೊಂದು ಬೂಷ್ಟು ಅವನನ್ನು ಕಾಯುತ್ತಿತ್ತು. ಕಾಯುತ್ತಾ ಕಾಯುತ್ತಾ ಕಿಡ್ನಿಯನ್ನೂ ಹಿಂಡುತ್ತಿತ್ತು.

ಹಿಂಡುವುದು ಹೇಗೆ ಅಂತ ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ಹುಬ್ಬಳ್ಳಿ-ಧಾರವಾಡದಲ್ಲಿ ನಳದ ನೀರು ದಿನಾ ಬರುವ ಓಣಿಗಳಿಗಿಂತ ಬರದ ಓಣಿಗಳೇ ಜಾಸ್ತಿ. ವಾಲ್ವ್‌ಮನ್ ಬಂದು ವಾಲ್ವ್ ತಿರುವಿದರೆ ನೀರು. ಅರ್ಧ ತಿರುವಿದರೆ ಕೊನೇ ಮನೆಗೆ ಹನಿ ಹನಿ. ಕಿಡ್ನಿಯೊಳಗೂ ಒಂದೊಂದು ಜರಡಿಗೂ ರಕ್ತ ತರುವ ಒಂದೊಂದು ಸಣ್ಣ ನಾಳ ಇದೆ. ಒಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಜರಡಿ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ನಮ್ಮ ಹಿತ್ತಲಲ್ಲಿರುವ ನೀಲಿ ಬ್ಯಾರೆಲ್ 200 ಲೀಟರಿನದು, ಹೆಚ್ಚುಕಡಿಮೆ ಅದು ತುಂಬುವಷ್ಟು. ಅದರಲ್ಲಿ ಬಹುಪಾಲು ಮೈಯೇ ವಾಪಸ್ ಹೀರಿಕೊಂಡು ಒಂದೂವರೆ, ಎರಡು ಲೀಟರ್ ಮಾತ್ರ ಹೊರಗೆ ಬಿಡುತ್ತದೆ. ಸೈಕ್ಲೊಸ್ಪೊರಿನ್, ಟ್ಯಾಕ್ರೊಲಿಮಸ್ ಎರಡೂ ಆ ಸಣ್ಣ ನಾಳದ ವಾಲ್ವನ್ನು ಅರ್ಧ ಬಂದ್ ಮಾಡುತ್ತವೆ. ಡೋಸ್ ಕಡಿಮೆ ಮಾಡಿದರೆ ಮತ್ತೆ ತೆರೆಯುತ್ತದೆ. ಆದರೆ ತಿಂಗಳುಗಟ್ಟಲೆ ಹಾಗೇ ಇದ್ದರೆ ಜರಡಿಯ ಸುತ್ತ ಕಲೆ ಬಿದ್ದು ಗಟ್ಟಿಯಾಗುತ್ತದೆ. ಆ ಕಲೆ ಹೋಗುವುದಿಲ್ಲ.

ಅದಕ್ಕೇ ರಕ್ತದಲ್ಲಿ ಈ ಔಷಧಿಯ ಲೆವೆಲ್ ನೋಡುತ್ತಲೇ ಇರುತ್ತಾರೆ. ಇಲ್ಲಿ ಒಂದು ಮಾತು, ಬಹಳ ಜನ ತಪ್ಪುವುದು ಇಲ್ಲೇ. ಲೆವೆಲ್ ಟೆಸ್ಟ್ ಇರುವ ದಿನ ಬೆಳಗಿನ ಗುಳಿಗೆ ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕು, ರಕ್ತ ಕೊಟ್ಟ ಮೇಲೆ ನುಂಗಬೇಕು. ಮೊದಲೇ ನುಂಗಿದರೆ ಲೆವೆಲ್ ಸುಮ್ನೆ ಏರಿದಂತೆ ಕಾಣುತ್ತದೆ, ಆ ಸಂಖ್ಯೆ ನೋಡಿ ಡೋಸ್ ಇಳಿಸಿದರೆ ಇನ್ನೊಂದು ತೊಂದರೆ. ಫಂಗಸ್‌ಗೆ ಕೊಡುವ ವೊರಿಕೊನಜೋಲ್‌ನಂಥ ಗುಳಿಗೆಗಳು, ಕೆಲವು ಆಂಟಿಬಯಾಟಿಕ್‌ಗಳು ಈ ಲೆವೆಲನ್ನು ಒಮ್ಮೆಗೇ ಮೇಲೆ ತಳ್ಳುತ್ತವೆ. ಚಕ್ಕೋತ ಹಣ್ಣೂ ಬೇಡ ಅಂದಿದ್ದರು. ನಮ್ಮ ಚಿಕ್ಕಪ್ಪ ದೇವನಹಳ್ಳಿ ಕಡೆಯಿಂದ ಎರಡು ದೊಡ್ಡ ಚಕ್ಕೋತ ಪ್ರೀತಿಯಿಂದ ಹೊತ್ತು ತಂದಿದ್ದರು. ಅವ್ವ ಅವನ್ನು ಓಣಿಯ ಮಕ್ಕಳಿಗೆ ಹಂಚಿಬಿಟ್ಟಳು.

ಐದು ತಿಂಗಳಿಗೆ ಊರಿಗೆ ಬಂದೆವು. ಒಂಬತ್ತನೇ ತಿಂಗಳಿಗೆ ಸೈಕ್ಲೊಸ್ಪೊರಿನ್ ನಿಂತಿತು. ಚಿಕ್ಕ ಮಕ್ಕಳಿಗೆ ಹಾಕಿಸುವ ಲಸಿಕೆಗಳನ್ನು ಅವನಿಗೆ ಮತ್ತೆ ಹಾಕಿಸಿದೆವು, ಹಳೆಯ ರಕ್ಷಣೆ ಹಳೆಯ ಮ್ಯಾರೋ ಜೊತೆಗೇ ಹೋಗಿತ್ತು. ಅಂಗಡಿಯ ಬಾಗಿಲು ತೆರೆದ. ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಬೆಂಗಳೂರಿನ ಚೆಕಪ್ ಮೊದಲು ತಿಂಗಳಿಗೆ, ಆಮೇಲೆ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೆ ಒಂದು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಇಳಿದು, ರಕ್ತ ಕೊಟ್ಟು, ಡಾಕ್ಟ್ರ ಮುಖ ನೋಡಿ, ಮತ್ತೆ ರಾತ್ರಿ ಅದೇ ಗಾಡಿ. ಹಿಮೊಗ್ಲೋಬಿನ್ ನಾರ್ಮಲ್. ಪ್ಲೇಟ್ಲೆಟ್ ನಾರ್ಮಲ್. ರಿಪೋರ್ಟಿನಲ್ಲಿ ಹೆಚ್ಚುಕಡಿಮೆ ಇರುವ ಸಂಖ್ಯೆಯ ಪಕ್ಕ ಒಂದು ಸ್ಟಾರ್ ಹಾಕಿರುತ್ತಾರೆ ನೋಡಿ, ನಾವು ಹುಡುಕುತ್ತಿದ್ದುದು ಅದನ್ನೇ. ಸ್ಟಾರ್ ಇಲ್ಲ ಅಂದರೆ ‘ಆರಾಮ.’

2022ರ ಏಪ್ರಿಲ್. ಒಂದು ಮದುವೆಯ ಓಡಾಟದಲ್ಲಿ ತಮ್ಮನಿಗೆ ಮೊಣಕಾಲು ನೋವು ಬಂತು. ಔಷಧ ಅಂಗಡಿಯಲ್ಲಿ ಕೇಳಿ ಡೈಕ್ಲೊಫೆನಾಕ್ ತಗೊಂಡ. ಒಂದು ಗುಳಿಗೆಗೆ ನೋವು ಹೋಯಿತು, ಚಲೋ ಅನ್ನಿಸಿತು, ಎಂಟು ದಿನ ನುಂಗಿದ. ಮೇಲೆ ಆ ಬಿಸಿಲು. ಮದುವೆ ಊಟವೋ, ಹಾದಿಯ ನೀರೋ, ವಾಂತಿ ಭೇದಿ ಶುರುವಾಯಿತು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಕಾಲು ಸೋತು ಕಟ್ಟೆಯ ಮೇಲೆ ಕುಳಿತುಬಿಟ್ಟ. ಕ್ರಿಯಾಟಿನಿನ್ 2.0.

ಈಗ ಲೆಕ್ಕ ಹಾಕಿದರೆ ತಿಳಿಯುತ್ತದೆ. ಭೇದಿಯಿಂದ ಟ್ಯಾಂಕಿನಲ್ಲೇ ನೀರಿಲ್ಲ. ಕಿಡ್ನಿಯ ಆ ಸಣ್ಣ ನಾಳವನ್ನು ತೆರೆದಿಡುವ ವಸ್ತುವನ್ನೇ ನೋವಿನ ಗುಳಿಗೆ ತಡೆಯುತ್ತದೆ, ಅಂದರೆ ವಾಲ್ವೂ ಬಂದ್. ಅಷ್ಟರಲ್ಲೇ ಪೈಪೇ ಹಳೆಯದಾಗಿತ್ತು. ಗುಳಿಗೆ ಕೊಟ್ಟ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಎದುರಿಗೆ ನಿಂತದ್ದು ಗಟ್ಟಿಮುಟ್ಟಾಗಿ ಕಾಣುವ 32ರ ಹುಡುಗ. ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಹೇಳಬೇಕಾಗಿತ್ತು ನಾವು. ಹೇಳಬೇಕು ಅಂತ ನಮಗೆ ಯಾರಾದರೂ ಬಿಡಿಸಿ ಹೇಳಬೇಕಾಗಿತ್ತು.

ಹುಬ್ಬಳ್ಳಿಯಲ್ಲಿ ನೋಡಿದ ಕಿಡ್ನಿ ಡಾಕ್ಟ್ರು ಮೊದಲು ಕೇಳಿದ್ದು, ‘ಮೇಡಂ, ಹಳೇ ರಿಪೋರ್ಟ್ ಎಲ್ಲಾ ಅದಾವೇನ್ರಿ?’

‘ಅದಾವ್ರಿ ಸರ್, ಒಂದು ಚೀಲ ತುಂಬ ಅದಾವ.’

ಮರುದಿನ ಚೀಲ ಹೊತ್ತು ಹೋದೆ. ಅವರು ಬೇರೇನೂ ನೋಡಲಿಲ್ಲ. ವರ್ಷಕ್ಕೊಂದು ಹಾಳೆ ಆರಿಸಿ, ಕ್ರಿಯಾಟಿನಿನ್ ಅಂತ ಇರುವ ಸಾಲಿನ ಮೇಲೆ ಬೆರಳಿಟ್ಟು, ಒಂದು ಚೀಟಿಯಲ್ಲಿ ಬರೆದುಕೊಂಡರು. ಟ್ರಾನ್ಸ್‌ಪ್ಲಾಂಟಿಗೆ ಮೊದಲು 0.7. ಆಮೇಲೆ 1.0, 1.1, 1.1, 1.2, 1.3. ಚೀಟಿ ನನ್ನ ಕಡೆ ತಿರುಗಿಸಿದರು. ಲ್ಯಾಬಿನ ನಾರ್ಮಲ್ 1.3ರ ತನಕ. ಹಾಗಾಗಿ ಒಂದಕ್ಕೂ ಸ್ಟಾರ್ ಇಲ್ಲ.

‘ಇದು ನಾರ್ಮಲ್ ಅಲ್ಲರಿ, ಮೆಟ್ಟಿಲು’ ಅಂದರು. ‘ಹತ್ಕೋತ ಹೊಂಟೈತಿ.’

ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಒಂದು ಸಂಖ್ಯೆ ಬಿಡಿಯಾಗಿ ಏನೂ ಹೇಳುವುದಿಲ್ಲ, ಸಾಲಿನಲ್ಲಿ ಇಟ್ಟರೆ ಮಾತ್ರ ಮಾತಾಡುತ್ತದೆ ಅಂತ ಒಂಬತ್ತನೇ ತರಗತಿಯ ಮಕ್ಕಳಿಗೆ ನಾನೇ ಗ್ರಾಫ್ ಹಾಕಿಸುತ್ತೇನೆ. ನಮ್ಮ ಮನೆಯ ಸಂಖ್ಯೆಗಳನ್ನು ಒಂದು ದಿನವೂ ಸಾಲಿಗೆ ನಿಲ್ಲಿಸಿರಲಿಲ್ಲ.

ಕ್ರಿಯಾಟಿನಿನ್ ಬಗ್ಗೆ ಅವರು ಹೇಳಿದ ಎರಡು ಮಾತು ನನಗೆ ಮುಖ್ಯ ಅನ್ನಿಸಿತು. ಒಂದು, ಕಿಡ್ನಿಯ ಕೆಲಸ ಅರ್ಧದಷ್ಟು ಹೋಗುವ ತನಕ ಈ ಸಂಖ್ಯೆ ಎಷ್ಟೋ ಜನರಲ್ಲಿ ಲ್ಯಾಬಿನ ಗೆರೆಯೊಳಗೇ ಇರುತ್ತದೆ. ಅದಕ್ಕೇ ವಯಸ್ಸು, ಗಂಡು ಹೆಣ್ಣು ಲೆಕ್ಕ ಹಾಕಿ, ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಅನ್ನುವ ಅಂದಾಜು, ಅಂದರೆ ಇಜಿಎಫ್‌ಆರ್ ತೆಗೆಯಬೇಕು. ತಮ್ಮನದು ಮೊದಲು ಸುಮಾರು 130 ಇತ್ತು, 1.3 ಆದಾಗ ಸುಮಾರು 75ಕ್ಕೆ ಬಂದಿತ್ತು. ಇನ್ನೊಂದು, ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಟ್ರಾನ್ಸ್‌ಪ್ಲಾಂಟ್ ಆದವರು ಸೊರಗಿ ಹತ್ತು ಹದಿನೈದು ಕೆಜಿ ಇಳಿದಿರುತ್ತಾರೆ. ಮೈಯಲ್ಲಿ ಮಾಂಸವೇ ಇಲ್ಲದಿದ್ದರೆ ಕ್ರಿಯಾಟಿನಿನ್ ಕಡಿಮೆಯೇ ತೋರಿಸುತ್ತದೆ, ಕಿಡ್ನಿ ಚಲೋ ಇದ್ದಂತೆ ಕಾಣುತ್ತದೆ. ಮನೆಗೆ ಬಂದ ಹೊಸದರಲ್ಲಿ 1.0 ಅಂತ ನಾವು ಖುಷಿಪಟ್ಟ ಆ ಸಂಖ್ಯೆ, ಎಲುಬು ಎಣಿಸಬಹುದಾಗಿದ್ದ ಒಬ್ಬ ಹುಡುಗನ ಸಂಖ್ಯೆ.

ಆಮೇಲೆ ಕೇಳಿದರು, ‘ಮೂತ್ರದಾಗ ನೊರೆ ಬರತೈತೇನು?’

ತಮ್ಮ ನನ್ನ ಮುಖ ನೋಡಿದ. ‘ಬರತೈತ್ರಿ. ಒಂದು ವರ್ಷ ಆತು. ಸಂಡಾಸಕ್ಕ ಹಾಕೋ ಫಿನೈಲ್‌ದು ಅಂತ ತಿಳಿದಿದ್ದೆ.’

ಯೂರಿನ್ ಎಸಿಆರ್ ಅಂತ ಒಂದು ಟೆಸ್ಟ್ ಇದೆ. ಬೆಳಗಿನ ಮೊದಲ ಮೂತ್ರ ಒಂದು ಸಣ್ಣ ಡಬ್ಬಿಯಲ್ಲಿ ಕೊಟ್ಟರೆ ಸಾಕು. ಜರಡಿಯಿಂದ ಪ್ರೋಟೀನ್ ಸೋರುತ್ತಿದೆಯಾ ಅಂತ ಅದು ಹೇಳುತ್ತದೆ. 30ರ ಒಳಗೆ ಇರಬೇಕು. ಇವನದು 620. ಬಿಪಿ 146/94. ಆ ಐದು ವರ್ಷದಲ್ಲಿ ನಾವು ರಕ್ತ ಎಷ್ಟು ಸಲ ಕೊಟ್ಟೆವೋ ಲೆಕ್ಕ ಇಲ್ಲ. ಊರಿಗೆ ಬಂದ ಮೇಲೆ ಈ ಮೂತ್ರದ ಟೆಸ್ಟ್ ಒಂದು ಸಲವೂ ಮಾಡಿಸಿರಲಿಲ್ಲ. ಆಸ್ಪತ್ರೆಯಲ್ಲಿ ಅವ್ವ ಹನಿ ಹನಿ ಅಳೆದಿದ್ದು ಅದನ್ನೇ ಅಲ್ವಾ! ಮನೆಗೆ ಬಂದ ಮೇಲೆ ಆ ಜಗ್ ಹಿತ್ತಲಿನ ತುಳಸಿಗೆ ನೀರು ಹಾಕಲು ಹೋಯಿತು.

ಕಿಡ್ನಿಗೆ ಸೂಜಿ ಹಾಕಿ ಚೂರು ತೆಗೆದು ನೋಡಿದರು. ಟ್ರಾನ್ಸ್‌ಪ್ಲಾಂಟ್ ಆದವರಲ್ಲಿ ಎಷ್ಟೋ ವರ್ಷದ ಮೇಲೂ ಡೋನರ್ ಕಣಗಳ ಗಲಾಟೆಯಿಂದ ಕಿಡ್ನಿಯ ಜರಡಿ ಕೆಟ್ಟು, ಮುಖ ಕಾಲು ಬಾತು ಪ್ರೋಟೀನ್ ಹೋಗುವುದಿದೆ. ಮುಖ್ಯವಾಗಿ ಸೈಕ್ಲೊಸ್ಪೊರಿನ್‌ನಂಥ ಔಷಧಿ ನಿಲ್ಲಿಸಿದ ಮೇಲೆ. ಅದಾದರೆ ಬೇರೆ ಚಿಕಿತ್ಸೆ ಬೇಕು. ಇವನಿಗೆ ಅದಲ್ಲ. ಹಳೆಯ ಪೆಟ್ಟಿನ ಕಲೆಗಳು, ಬಿಪಿಯ ಹೊಡೆತ, ಮೇಲೆ ಹೊಸದಾಗಿ ಬಿದ್ದ ನೋವಿನ ಗುಳಿಗೆಯ ಪೆಟ್ಟು. ಹೊಸ ಪೆಟ್ಟು ಬಹುಪಾಲು ಮಾಯ್ದಿತು. ಕ್ರಿಯಾಟಿನಿನ್ 1.5ಕ್ಕೆ ಬಂದು ನಿಂತಿತು.

ಟ್ರಾನ್ಸ್‌ಪ್ಲಾಂಟ್ ಆದವರಲ್ಲಿ ನೂರಕ್ಕೆ 15ರಿಂದ 20 ಜನರಿಗೆ ಮುಂದೆ ಕಿಡ್ನಿಯ ತೊಂದರೆ ಉಳಿದುಬಿಡುತ್ತದೆ ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ಐದಾರು ಜನರಲ್ಲಿ ಒಬ್ಬರು. ಆದರೆ ಡಯಾಲಿಸಿಸ್ ತನಕ ಹೋಗುವವರು ಅದರಲ್ಲಿ ಕಡಿಮೆ. ಈ ಎರಡನೇ ಮಾತನ್ನು ಡಾಕ್ಟ್ರು ಎರಡು ಸಲ ಹೇಳಿದರು. ನನ್ನ ಮುಖ ನೋಡಿಯೇ ಹೇಳಿರಬೇಕು.

ಆ ದಿನಗಳಲ್ಲಿ ಅವ್ವ ಮಾತು ಕಡಿಮೆ ಮಾಡಿದ್ದಳು. ಒಂದು ರಾತ್ರಿ ರೊಟ್ಟಿ ಬಡಿದು ಮುಗಿಸಿ, ಕೈಯ ಹಿಟ್ಟು ಉಜ್ಜುತ್ತಾ, ನನ್ನ ಕಡೆ ನೋಡದೇ ಕೇಳಿದಳು.

‘ಮತ್ತ ನಿನ್ನ ಕಡೆನ ತಗೋಬೇಕಾಗತೈತೇನವಾ?’

ಕಿಡ್ನಿ ಅನ್ನುವ ಶಬ್ದವನ್ನು ಅವಳು ಬಳಸಲಿಲ್ಲ. ಒಬ್ಬ ಮಗನಿಗಾಗಿ ಒಬ್ಬ ಮಗಳನ್ನು ಎರಡನೇ ಸಲ ಹೇಗೆ ಕೇಳುವುದು ಅಂತ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಳೋ. ‘ಬಂದ್ರ ಕೊಡ್ತೀನಿ ಬಿಡವಾ’ ಅಂದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹಂಚು ಇಳಿಸಿದಳು.

ಅವತ್ತಿನಿಂದ ನಾನು ಓದತೊಡಗಿದೆ. ಆಗ ಸಿಕ್ಕ ಒಂದು ಸಂಗತಿ ನನ್ನನ್ನು ಬಹಳ ಹೊತ್ತು ಸುಮ್ಮನೆ ಕೂರಿಸಿತು. 1990ರ ವೈದ್ಯಕೀಯ ನೊಬೆಲ್ ಇಬ್ಬರಿಗೆ ಹಂಚಿಕೆಯಾಯಿತು. ಒಬ್ಬರು ಜೋಸೆಫ್ ಮರ್ರೆ, 1954ರಲ್ಲಿ ಬಾಸ್ಟನ್‌ನಲ್ಲಿ ಅವಳಿ ಸೋದರರ ನಡುವೆ ಕಿಡ್ನಿ ಕಸಿ ಮಾಡಿ ಗೆದ್ದವರು. ಇನ್ನೊಬ್ಬರು ಡಾನೆಲ್ ಥಾಮಸ್, ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟಿಗೆ ದಾರಿ ಮಾಡಿದವರು. ಅವರೂ ಮೊದಲು ಗೆದ್ದದ್ದು ಅವಳಿಗಳ ನಡುವೆಯೇ. ನಮ್ಮ ದೇಶದಲ್ಲಿ ಮೊದಲ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆಗಿದ್ದು 1983ರಲ್ಲಿ, ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಕಿಡ್ನಿ, ಮ್ಯಾರೋ ಎರಡೂ ಒಂದೇ ವೇದಿಕೆಯಲ್ಲಿ ನಿಂತಿದ್ದವು. ನಮ್ಮ ಮನೆಯಲ್ಲಿ ಮಾತ್ರ ಅವು ಬೇರೆ ಬೇರೆ ಊರಿನವು ಅಂದುಕೊಂಡಿದ್ದೆವು.

ಇನ್ನೊಂದು ವಿಷಯ ಅದಕ್ಕಿಂತ ಹತ್ತಿರದ್ದು. ಮಾಮೂಲಿ ಕಿಡ್ನಿ ಕಸಿಯಲ್ಲಿ ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸಬಾರದು ಅಂತ ಜೀವಮಾನವೆಲ್ಲಾ ಔಷಧಿ ಬೇಕು. ಆದರೆ ಮೊದಲು ಮ್ಯಾರೋ ಕೊಟ್ಟವರೇ ಆಮೇಲೆ ಕಿಡ್ನಿಯನ್ನೂ ಕೊಟ್ಟರೆ? ಅಲ್ಲಿ ಕಾವಲು ಕಾಯುವ ರಕ್ತಕಣಗಳೇ ಅವರವು. ಅವು ಆ ಕಿಡ್ನಿಯನ್ನು ತಮ್ಮದೇ ಅಂತ ಗುರುತಿಸಬಹುದು. ಹೀಗೆ ಔಷಧಿ ಇಲ್ಲದೆ, ಇಲ್ಲವೇ ಸ್ವಲ್ಪ ಕಾಲದ ಔಷಧಿಯಲ್ಲೇ ಕಿಡ್ನಿ ನಿಂತ ಕೆಲವು ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಡಾಕ್ಟ್ರ ಮುಂದೆ ಇದನ್ನು ಹೇಳಿದೆ. ಅವರು ನಕ್ಕು, ‘ಮೇಡಂ, ಇದ್ದ ಕಿಡ್ನಿ ಉಳಿಸೋಣು, ಆ ಮಾತು ಈಗ ಬ್ಯಾಡ’ ಅಂದರು. ತಮ್ಮನ ಕಿವಿಗೆ ಬಿದ್ದು, ಹೊರಗೆ ಬಂದ ಮೇಲೆ ನನ್ನ ಮೇಲೆ ರೇಗಿದ. ‘ಒಮ್ಮೆ ಕೊಟ್ಟಿದ್ದ ಸಾಕು. ನಿನ್ನ ರಕ್ತ ಹೊತ್ಕೊಂಡ ಅಡ್ಡಾಡಾಕತ್ತೇನಿ. ಇನ್ನ ಏನೂ ಕೊಡಾಕ ಹೋಗಬ್ಯಾಡ.’ ಕಣ್ಣಲ್ಲಿ ನೀರಿತ್ತು. ಅವನ ಸಿಟ್ಟು ಯಾವಾಗಲೂ ಹಾಗೇ.

ಇದ್ದ ಕಿಡ್ನಿ ಉಳಿಸುವುದು ಅಂದರೆ ಏನು? ದೊಡ್ಡ ಔಷಧಿ ಏನೂ ಇಲ್ಲ, ಸಣ್ಣ ಸಣ್ಣ ಶಿಸ್ತು. ಟೆಲ್ಮಿಸಾರ್ಟನ್ ಅನ್ನುವ ಬಿಪಿ ಗುಳಿಗೆ, ಅದು ಬಿಪಿ ಇಳಿಸುವುದರ ಜೊತೆಗೆ ಪ್ರೋಟೀನ್ ಸೋರುವುದನ್ನೂ ತಗ್ಗಿಸುತ್ತದೆ. ಶುರು ಮಾಡಿದ ಮೇಲೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಕೊಳ್ಳಬೇಕು. ವಾಂತಿ ಭೇದಿ ಆದರೆ ಅದನ್ನು ಅಷ್ಟು ದಿನ ತಡೆದು ಮೊದಲು ಫೋನ್ ಮಾಡಿ ಅಂತ ನಮ್ಮ ಡಾಕ್ಟ್ರು ಹೇಳಿದ್ದಾರೆ. ನೋವಿಗೆ ಪ್ಯಾರಾಸಿಟಮಾಲ್, ಅದೂ ಕೇಳಿ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್, ನಿಮೆಸುಲೈಡ್ ಬೇಡವೇ ಬೇಡ. ಡೈ ಹಾಕಿ ಮಾಡುವ ಸ್ಕ್ಯಾನ್ ಇದ್ದರೆ ಮೊದಲೇ ಹೇಳಬೇಕು.

ಉಪ್ಪಿನದೇ ದೊಡ್ಡ ಗುದ್ದಾಟ. ದಿನಕ್ಕೆ 5 ಗ್ರಾಂ, ಒಂದು ಸಣ್ಣ ಚಮಚ. ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ, ಅದೊಂದು ನಮ್ಮ ಪುಣ್ಯ. ಆದರೆ ರೊಟ್ಟಿಯ ಜೊತೆ ಬರುವ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ? ಸಂಜೆಯ ಮಿರ್ಚಿ ಭಜಿ? ಅವ್ವ ಹಿಂಡಿಯನ್ನು ಈಗ ಎರಡು ಡಬ್ಬಿಯಲ್ಲಿ ಮಾಡುತ್ತಾಳೆ. ತಮ್ಮನ ಡಬ್ಬಿಗೆ ಬೆಳ್ಳುಳ್ಳಿ, ಹುಣಸೆಹಣ್ಣು ಜಾಸ್ತಿ. ನಾನು ಕದ್ದು ತಿನ್ನುವುದು ಅದನ್ನೇ, ರುಚಿ ಅದರದೇ ಮೇಲು.

ಕಿಡ್ನಿ ಸ್ವಚ್ಛ ಮಾಡುವ ಕಷಾಯ, ಬೇರು, ಭಸ್ಮ ಹೇಳುವವರು ಮನೆಗೆ ಬಂದೇ ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ಚಹಾ ಕೊಟ್ಟು ಕಳಿಸುತ್ತೇವೆ. ಒಳಗೆ ಏನಿದೆ ಅಂತ ಗೊತ್ತಿಲ್ಲದ್ದನ್ನು ಈ ಕಿಡ್ನಿಯ ಮೇಲೆ ಸುರಿಯಲಾರೆವು. ದಿನಾ ಐದು ಲೀಟರ್ ನೀರು ಕುಡಿ ಅನ್ನುವವರೂ ಇದ್ದಾರೆ. ಬಿಸಿಲಿನಲ್ಲಿ ಅಡ್ಡಾಡುವವನು ನೀರಡಿಕೆ ಆಗುವ ಮೊದಲೇ ಕುಡಿಯುತ್ತಿರಬೇಕು, ಅಷ್ಟೇ. ಸೋಸುವವನಿಗೆ ಶಕ್ತಿ ಕಡಿಮೆ ಇದ್ದಾಗ ಬ್ಯಾರೆಲ್ ಗಟ್ಟಲೆ ಸುರಿಯುವುದು ಸೇವೆ ಅಲ್ಲ.

ನಾನು ಒಂದು 200 ಪುಟದ ನೋಟ್‌ಬುಕ್ ತಂದು ಕಾಲಂ ಹಾಕಿದೆ. ತಾರೀಖು, ಬಿಪಿ, ತೂಕ, ಕ್ರಿಯಾಟಿನಿನ್, ಇಜಿಎಫ್‌ಆರ್, ಎಸಿಆರ್. ಮೊದಲ ಪುಟದಲ್ಲಿ ಹಳೆಯ ಸಂಖ್ಯೆಗಳ ಗ್ರಾಫ್. ಬೆಂಗಳೂರಿಗೂ ಇದೇ ಹೋಗುತ್ತದೆ, ಹುಬ್ಬಳ್ಳಿಗೂ ಇದೇ. ಮ್ಯಾರೋ ಡಾಕ್ಟ್ರು ಕಿಡ್ನಿ ಕಾಲಂ ನೋಡುತ್ತಾರೆ, ಕಿಡ್ನಿ ಡಾಕ್ಟ್ರು ಕೌಂಟ್ ನೋಡುತ್ತಾರೆ. ಬಿಪಿ ಕಾಲಂ ಅವ್ವನದು. ಮನೆಯ ಮಷಿನ್‌ನಲ್ಲಿ ನೋಡಿ ಅವಳೇ ಬರೆಯುತ್ತಾಳೆ, ೧೨೬, ೭೮. ಎಸಿಆರ್ 620ರಿಂದ 140ಕ್ಕೆ ಇಳಿದಿದೆ. ಕ್ರಿಯಾಟಿನಿನ್ ಮೂರು ವರ್ಷದಿಂದ 1.5ರ ಹತ್ತಿರವೇ ಇದೆ. ಗ್ರಾಫಿನ ಗೆರೆ ನೆಟ್ಟಗೆ ಅಡ್ಡಕ್ಕೆ ಮಲಗಿದೆ. ಅಷ್ಟು ಚಂದದ ಗೆರೆಯನ್ನು ನಾನು ಕರಿಹಲಗೆಯ ಮೇಲೆ ಯಾವತ್ತೂ ಎಳೆದಿಲ್ಲ.

ಹೋದ ವಾರ ಮೂರನೇ ಪಿರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದಿದ್ದೆ. ತಮ್ಮನ ಫೋನ್. ಹಿಂದೆ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು.

‘ಅಕ್ಕಾ, ಮತ್ತ ಮೊಣಕಾಲ ಹಿಡದೈತಿ. ಮೆಡಿಕಲ್ ಅಂಗಡ್ಯಾಗ ನಿಂತೀನಿ. ಇವರು ಒಂದು ಗುಳಿಗಿ ಕೊಟ್ಟಾರ. ಹಿಂದ ಬರದಿದ್ದ ಓದತೀನಿ, ಕೇಳು. ಏ, ಸಿ, ಇ, ಸಿ...’

‘ಬ್ಯಾಡ.’

‘ಇನ್ನೂ ಪೂರ್ತಿ ಓದಿಲ್ಲ.’

‘ಬ್ಯಾಡೋ ತಮ್ಮಾ. ಪ್ಯಾರಾಸಿಟಮಾಲ್ ಕೇಳು. ಸಂಜಿಕ ಡಾಕ್ಟ್ರಿಗೆ ಫೋನ್ ಮಾಡೋಣು.’

ಅವನು ಫೋನ್ ಕಿವಿಯಿಂದ ತೆಗೆದು ಅಂಗಡಿಯವರ ಜೊತೆ ಮಾತಾಡುವುದು ಕೇಳಿಸಿತು. ‘ಇದು ವಾಪಸ್ ತಗೋರಿ. ನನ್ನ ಕಿಡ್ನಿ ಸ್ವಲ್ಪ ವೀಕ್ ಐತ್ರಿ, ನನಗ ಇದು ನಡಿಯೂದಿಲ್ಲ.’